ಅರ್ಧ ಎಂಟಕ್ಕೆ ಬನ್ನಿ

"ಮತ್ತೆ ಬೀಗ ಹಾಕ್ತಿದ್ದೀರಾ?"

ಬೆನ್ನ ಹಿಂದಿನ ಗಡಸು ದನಿಗೆ ಫೆನ್ನಾ ಬೆಚ್ಚಿ ತಿರುಗಿದಳು. ಬಂದರಿನ ಗಾಳಿಗೆ ಕೆದರಿದ ಕೆಂಗೂದಲು, ಕೈಯಲ್ಲೊಂದು ಕೇಕಿನ ಡಬ್ಬಿ, ಕಣ್ಣಲ್ಲಿ ಕೆಂಡ! ರಾಟರ್‌ಡ್ಯಾಮ್‌ನ ಮೇ ತಿಂಗಳ ಸಂಜೆ, ಶಾಲೆಯ ಅಂಗಳದಲ್ಲಿ ಇನ್ನೂ ಬೆಳಕಿತ್ತು.

ಊನಾಳದೇ ಕೂದಲು... ಓ, ಇವನೇನಾ ಡೋನಲ್!

ಐರ್ಲೆಂಡಿನಿಂದ ಬಂದು ಐದು ತಿಂಗಳಾದ ಕ್ರೇನ್ ಮೆಕ್ಯಾನಿಕ್. ಹೆಂಡತಿ ತೀರಿಕೊಂಡು ಎರಡು ವರ್ಷ. ಏಳು ವರ್ಷದ ಊನಾಳ ಅಪ್ಪ. ಶಾಲೆಯಲ್ಲಿ ಅಪ್ಪ ಅಮ್ಮಂದಿರು ಸೇರುವ ಪೋಷಕರ ಕೋಣೆಯನ್ನು ನೋಡಿಕೊಳ್ಳುವ ಫೆನ್ನಾ ಮೂರು ಸಲ ಕೈಯಾರೆ ಕಾರ್ಡು ಬರೆದು ಕರೆದರೂ ಸಭೆಗೆ ತಲೆ ಹಾಕದ ಮಹಾನುಭಾವ.

"ಸಭೆ ಮುಗಿದು ಎಲ್ರೂ ಮನೆಗೆ ಹೋದ್ರು. ಈಗ ಬರೋದಾ?"

"ನೀವು ಹೇಳಿದ ಹೊತ್ತಿಗೇ ಬಂದಿದ್ದೀನಿ. ಮೂರು ಸಲಾನೂ!"

"ಸುಳ್ಳಿಗೂ ಒಂದು ಮಿತಿ ಬೇಡ್ವಾ?"

ಅವನ ಮುಖ ಕಪ್ಪಿಟ್ಟಿತು. ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟ.

"ಬರಬೇಡ ಅಂತ ನೇರವಾಗಿ ಹೇಳಿ. ಕರೆದು ಬಾಗಿಲು ಮುಚ್ಚೋದು ಯಾವ ಊರಿನ ಮರ್ಯಾದೆ?"

ಹೊರಟೇ ಹೋದ. ಫೆನ್ನಾಗೆ ಮೈಯೆಲ್ಲ ಉರಿಯಿತು. ಆದರೆ ಸುಳ್ಳು ಹೇಳುವವನ ಕಣ್ಣು ಹಾಗೆ ತುಂಬಿಕೊಳ್ಳುತ್ತದೆಯೇ?

ಮರುದಿನ ಪೋಷಕರ ಕೋಣೆಯಲ್ಲಿ ಆ ಕೇಕಿಗೆ ಚಾಕು ಹಾಕಿದ್ದು ಯೋಪಿ. ಬೀದಿಯ ಅರ್ಧ ಮಕ್ಕಳಿಗೆ ಓದಿಸಿದ ಹಿರಿಯಳು, ನಾಲಿಗೆ ಚುರುಕು.

"ಸುಳ್ಳುಗಾರ ಕೇಕ್ ಮಾತ್ರ ಚೆನ್ನಾಗಿ ಮಾಡ್ತಾನೆ ಕಣೇ."

"ನಂಗೇನು ಅದರಿಂದ?"

"ಏನೂ ಇಲ್ಲ. ಬೆಳಗ್ಗೆಯಿಂದ ನಾಲ್ಕನೇ ಸಲ ಅವನ ಮಾತೆತ್ತಿದ್ದೀಯ, ಅಷ್ಟೇ!"

ಎಲ್ಲರೂ ನಗುವಷ್ಟರಲ್ಲಿ ಊನಾಳ ಟೀಚರ್ ವಿಲ್ಮಾ ಒಳಬಂದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ಊನಾ ಇನ್ನೂ ತಪ್ಪುತಪ್ಪಾಗಿ ಓದ್ತಾಳೆ ಫೆನ್ನಾ. ಮನೇಲಿ ಯಾರೂ ಕೂತು ಓದಿಸ್ತಿಲ್ಲ. ಬರೋ ಗುರುವಾರ ಈ ವರ್ಷದ ಕೊನೇ ಸಭೆ. ಅವಳಪ್ಪ ಬರದಿದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸ್ತೀನಿ."

ಪಾಪ, ಆ ಮಗು ಏನು ಮಾಡಿತ್ತು? ಫೆನ್ನಾ ತಡೆಯಲಾರದೆ ಬುಧವಾರ ಮಧ್ಯಾಹ್ನ, ಶಾಲೆಗೆ ಅರ್ಧ ದಿನ ರಜೆಯಿದ್ದಾಗ, ಊನಾಳ ಮನೆಯ ಮೆಟ್ಟಿಲು ಹತ್ತಿದಳು.

ಬಾಗಿಲು ಅರೆ ತೆರೆದಿತ್ತು. ಒಳಗೆ ಅಪ್ಪ, ಮಗಳು ಅಡುಗೆಮನೆಯ ಮೇಜಿನ ಮುಂದೆ ಪುಸ್ತಕ ಹಿಡಿದು ಕೂತಿದ್ದರು!

"ಬೂಮ್," ಅಪ್ಪ ಮರದ ಚಿತ್ರ ತೋರಿಸಿದ.

"ಬೂಮ್," ಮಗಳು ಒಪ್ಪಿಸಿದಳು.

ಫೆನ್ನಾಳ ಬಾಯಿ ತಾನಾಗಿ ತೆರೆಯಿತು. "ಬೋಮ್... ಡಚ್‌ನಲ್ಲಿ ಮರಕ್ಕೆ ಬೋಮ್ ಅಂತೀವಿ. ನೀವು ಅದೇ ಅಕ್ಷರಗಳನ್ನ ಇಂಗ್ಲಿಷಿನ ಥರ ಓದ್ತಿದ್ದೀರಿ."

ಅವನು ಅವಳನ್ನು ನೋಡಿದ, ಪುಸ್ತಕ ನೋಡಿದ. ಮುಖ ಬಿಳುಚಿತು.

"ದಿನಾ ಒಂದು ಗಂಟೆ ಕೂರಿಸ್ಕೊಂಡು ಓದಿಸಿದ್ದೀನಿ... ಹಾಗಾದ್ರೆ ಇಷ್ಟೂ ದಿನ ನಾನೇ ಕೆಡಿಸಿದ್ನಾ?"

ಫೆನ್ನಾಗೆ ವಿಲ್ಮಾರ ಮಾತು ನೆನಪಾಯಿತು. ಯಾರೂ ಓದಿಸುತ್ತಿಲ್ಲವಂತೆ! ಅವಳು ಅತ್ತ ತಿರುಗಿದರೆ, ಫ್ರಿಜ್ಜಿನ ಬಾಗಿಲ ಮೇಲೆ ಅವಳದೇ ಮೂರು ಕಾರ್ಡುಗಳು. 'ಅರ್ಧ ಎಂಟಕ್ಕೆ ಬನ್ನಿ' ಎಂಬ ಅವಳ ಅಕ್ಷರದ ಕೆಳಗೆ ಪೆನ್ಸಿಲ್ಲಿನಲ್ಲಿ ಅವನ ಅಂಕಿ: 8.30.

ಅಯ್ಯೋ...!

ಡಚ್ಚರ ಬಾಯಲ್ಲಿ ಅರ್ಧ ಎಂಟು ಎಂದರೆ ಏಳೂವರೆ, ಎಂಟಾಗಲು ಇನ್ನರ್ಧ ಗಂಟೆ ಬಾಕಿ. ಅವನ ಕಡೆಯವರಿಗೆ ಅರ್ಧ ಎಂಟು ಎಂದರೆ ಎಂಟೂವರೆ. ಗಂಟೆಯನ್ನು ಅಂಕಿಯಲ್ಲಿ ಬರೆದರೆ ಸರ್ಕಾರಿ ನೋಟಿಸಿನ ಹಾಗಿರುತ್ತದೆಂದು ಆತ್ಮೀಯವಾಗಿ ಅಕ್ಷರದಲ್ಲಿ ಬರೆದವಳು ಫೆನ್ನಾ. ಎಂಥ ಆತ್ಮೀಯತೆ!

"ಡೋನಲ್... ನಿಮ್ಮನ್ನ ಸುಳ್ಳುಗಾರ ಅಂದ್ನಲ್ಲ," ಅವಳು ಕಾರ್ಡಿನತ್ತ ಬೆರಳು ತೋರಿಸಿದಳು. "ತಪ್ಪು ನನ್ನದೇ."

ಅವಳು ವಿವರಿಸಿದ ಮೇಲೆ ಅವನು ಒಂದು ಕಾರ್ಡು ಕಿತ್ತು ಮತ್ತೊಮ್ಮೆ ಓದಿದ. ಆಮೇಲೆ ನಕ್ಕ ನೋಡಿ, ಊನಾಳೂ ಬಿದ್ದು ಬಿದ್ದು ನಕ್ಕಳು! ಆ ನಗು ಕಂಡು ಫೆನ್ನಾಳ ಎದೆಯಲ್ಲಿ ಏನೋ ಕದಲಿತು. ಏನದು? ಅವಳು ಅದನ್ನು ಕೆದಕಲು ಹೋಗಲಿಲ್ಲ.

ಗುರುವಾರ ಏಳಕ್ಕೇ ಬಂದು ಡೋನಲ್ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂತಿದ್ದ. ಊನಾಳ ಹೆಸರು ಬಂದ ಕೂಡಲೇ ಫೆನ್ನಾ ಎದ್ದು ನಿಂತಳು.

"ಈ ಅಪ್ಪ ಮೂರು ಸಲ ಬಂದು ಮುಚ್ಚಿದ ಬಾಗಿಲು ನೋಡಿದ್ದಾರೆ. ನನ್ನ ಕಾರ್ಡಿಂದ. ಊನಾಗೆ ಮನೇಲಿ ಓದಿಸೋರಿದ್ದಾರೆ ವಿಲ್ಮಾ, ಅವರಿಗೆ ಹೇಳಿಕೊಡೋರು ಇರಲಿಲ್ಲ. ಅದೂ ನಮ್ಮ ಕೆಲಸವೇ ಆಗಿತ್ತು."

ವಿಲ್ಮಾ ಕನ್ನಡಕ ತೆಗೆದರು.

"ದಿನಾ ಯಾರಾದ್ರೂ ಜೊತೆಗೆ ಕೂತು ಉಚ್ಚಾರ ತಿದ್ದಿದ್ರೆ, ಮುಂದಿನ ಕ್ಲಾಸಿಗೆ ಕಳಿಸ್ತೀನಿ."

"ಸೋಮವಾರ ನಾನು!" ಎಂದಳು ಯೋಪಿ. ಮಂಗಳವಾರಕ್ಕೆ ಎದುರುಮನೆಯ ತಾಯಿ, ಗುರುವಾರ, ಶುಕ್ರವಾರಕ್ಕೆ ಬೇಕರಿಯ ದಂಪತಿ ಕೈಯೆತ್ತಿದರು.

"ಬುಧವಾರ?" ಎಂದು ಯೋಪಿ ಮುಗುಳ್ನಗುತ್ತ ಕೇಳಿದಾಗ ಇಡೀ ಕೋಣೆ ಫೆನ್ನಾಳತ್ತ ತಿರುಗಿತು.

"ಬುಧವಾರ... ನಾನು ಹೋಗ್ತೀನಿ," ಎಂದಳು ಅವಳು, ಕೆನ್ನೆ ಕೆಂಪಾಗಿ.

ಬುಧವಾರಗಳು ಉರುಳಿದವು. ಊನಾ ಮುಂದಿನ ಕ್ಲಾಸಿಗೆ ಹೋದಳು. ಸೆಪ್ಟೆಂಬರಿನಲ್ಲಿ ಒಂದು ದಿನ ಒಂದೂ ತಪ್ಪಿಲ್ಲದೆ ಇಡೀ ಪುಟ ಓದಿ ಅಂಗಳಕ್ಕೆ ಆಡಲು ಓಡಿದಳು. ಫೆನ್ನಾ ಪುಸ್ತಕ ಮುಚ್ಚಿದಳು. ಸಂತೋಷಪಡಬೇಕಾದ ಹೊತ್ತಿನಲ್ಲಿ ಇದೇನು ಸಂಕಟ?

"ಇನ್ನು ನಾನು ಬರೋ ಅಗತ್ಯ ಇಲ್ಲ ಡೋನಲ್."

"ಊನಾಗೆ ಅಗತ್ಯ ಇಲ್ಲ." ಅವನ ದನಿ ಒಡೆಯಿತು. "ನನಗಿದೆ. ನಿನ್ನನ್ನ ಪ್ರೀತಿಸ್ತೀನಿ ಫೆನ್ನಾ."

ಮೊದಲ ಸಲ ಅವನ ಬಾಯಲ್ಲಿ 'ನಿನ್ನನ್ನ'! ಅವಳ ಕಣ್ಣು ಮಂಜಾಯಿತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಶಾಲೆ ಕೆಲಸಕ್ಕೆ ಬರೋರಿಗೆ ಹೇಗೆ ಹೇಳೋದು? ತಪ್ಪು ತಿಳ್ಕೊಂಡು ಬರೋದೇ ಬಿಟ್ರೆ..."

"ಜುಲೈಯಿಂದ ಬೇಸಿಗೆ ರಜೆ ಆರು ವಾರ ಇತ್ತಲ್ಲ, ಯೋಪಿ ಬಂದಳಾ? ಬೇಕರಿಯವರು ಬಂದ್ರಾ?"

"ಇಲ್ಲ... ನೀನೊಬ್ಬಳೇ..."

ಫೆನ್ನಾ ಅವನ ಕೈ ಹಿಡಿದುಕೊಂಡಳು.

"ಶಾಲೆಗೇ ಬೀಗ ಹಾಕಿತ್ತು ಕಣೋ ದಡ್ಡ. ಶಾಲೆ ಕೆಲಸ ಎಲ್ಲಿಂದ ಬರಬೇಕು?"