ಹದಿನೇಳು ಸುತ್ತು ಬಾಕಿ

ಕೊಮಾಸಿಯಾ ಏಣಿಯನ್ನು ಎಳೆದು ಹುಲ್ಲಿನ ಮೇಲೆ ಬಿಸಾಡಿದಳು.

ಬಾದಾಮಿ ಚೀಲ ಹೊತ್ತು ತೋಟದಿಂದ ಬಂದವಳಿಗೆ ಮೊದಲು ಕಂಡದ್ದು ಅವನ ಬೆನ್ನು. ಮನೆಗೆ ಅಂಟಿಕೊಂಡೇ ಶಂಕುವಿನಂತೆ ಎದ್ದು, ಮೊನೆ ಮುಟ್ಟದೆ ಅರ್ಧಕ್ಕೆ ನಿಂತ ಕಲ್ಲಿನ ಛಾವಣಿ. ಅದರ ಅಂಚಿನಲ್ಲಿ ಕೂತು, ಸಂದಿಯಲ್ಲಿ ಬೆಳೆದ ಅಂಜೂರದ ಗಿಡವನ್ನು ಕಡಿಯುತ್ತಿದ್ದ. ಹದಿನಾಲ್ಕು ವರ್ಷವಾದರೂ ಆ ಬೆನ್ನು ಅವಳಿಗೆ ಮರೆತಿರಲಿಲ್ಲ.

"ಇಳೀಬೇಡ ಡೊನಾಟೊ. ಅರ್ಧಕ್ಕೆ ಬಿಟ್ಟು ಓಡಿದೆಯಲ್ಲ, ಆ ಅರ್ಧದಲ್ಲೇ ಕೂತಿರು."

"ಕೊಮಾ..."

"ಹಾಗೆ ಕರೀಬೇಡ."

ಅವಳು ಒಳಗೆ ಹೋದಾಗ ಚಿಕ್ಕಮ್ಮ ಪಾಲ್ಮಾ ನೆನೆಸಿದ ಕಾಳು ಸುಲಿಯುತ್ತಿದ್ದಳು.

"ಅವನನ್ನ ಕರೆಸಿದ್ದು ಯಾರು?"

"ನಾನೇ. ಅಂಜೂರದ ಬೇರು ಗೋಡೆ ಸೀಳ್ತಿದೆ. ಒಂದೋ ಬಂದು ಮುಗಿಸು, ಇಲ್ಲಾ ನಿನ್ನ ಕಲ್ಲು ಹೊತ್ಕೊಂಡು ಹೋಗು ಅಂತ ಬರೆಸಿದೆ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀನು ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ."

ಕೊಮಾಸಿಯಾ ಕಾಳಿನ ಬಟ್ಟಲಿಗೆ ಕೈ ಹಾಕಿದಳು. ಮನಸ್ಸು ಮಾತ್ರ ಗೋಡೆಯಾಚೆಗೇ ಇತ್ತು.

ಅದು ಅವರಿಬ್ಬರ ಮದುವೆಗೆಂದು ಕಟ್ಟುತ್ತಿದ್ದ ಕೋಣೆ. ಅವಳಿಗೆ ಆಗ ಇಪ್ಪತ್ತೆರಡು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು. ಒಳಗೆ ನೆಲದ ಮೇಲೆ ನಿಂತು ಅವಳು ಸಣ್ಣ ಚಕ್ಕೆಗಳನ್ನು ಎತ್ತಿ ಕೊಡುತ್ತಿದ್ದಳು. ಮೇಲೆ ಅವನು, ಅವನ ಅಪ್ಪ. ಕಲ್ಲಿನ ಒಂದೊಂದು ಸುತ್ತು ಏರಿದಂತೆ ತಲೆಯ ಮೇಲಿನ ಆಕಾಶ ಒಂದೊಂದು ಬೆರಳು ಚಿಕ್ಕದಾಗುತ್ತಿತ್ತು. ಎಂಥ ಬೇಸಿಗೆ ಅದು...

ಆಮೇಲೆ ಅವನ ಅಪ್ಪ ಬೇರೆ ಊರಿನ ಕೆಲಸದಲ್ಲಿ ಛಾವಣಿಯಿಂದ ಬಿದ್ದು ತೀರಿಕೊಂಡರು. ತಿಂಗಳೊಳಗೆ ಡೊನಾಟೊ ಬೆಲ್ಜಿಯಂನ ಗಣಿಗೆ ಹೊರಟುಹೋದ. ಅವಳಿಗೆ ಒಂದು ಮಾತೂ ಹೇಳಲಿಲ್ಲ. ಮನೆ ಅಳಿಯನಾಗಲು ನಾಚಿಕೆಪಟ್ಟ ಎಂದಿತು ಊರು. ಅವಳೂ ಹಾಗೆಯೇ ನಂಬಿದಳು.

ಹೊರಗೆ ಸದ್ದೇ ಇಲ್ಲ. ಕತ್ತಿಯ ಏಟಿಲ್ಲ, ಕೂಗಿಲ್ಲ.

ಅವಳು ಎದ್ದು ಹೊರಗೆ ಬಂದಳು.

ಡೊನಾಟೊ ಎರಡೂ ಕೈಯಲ್ಲಿ ಕಲ್ಲನ್ನು ಅವಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು.

"ಏನಾಯ್ತು ನಿಂಗೆ?"

"ಏನಿಲ್ಲ... ಸ್ವಲ್ಪ ಹೊತ್ತು ಏನಾದ್ರೂ ಮಾತಾಡ್ತಿರು. ಬೈದ್ರೂ ಸರಿ."

ಅವಳು ಗೋಡೆಯ ಬುಡಕ್ಕೆ ಬಂದು ನಿಂತಳು.

"ಅಪ್ಪ ಯಾವ ಕಲ್ಲು ಹಿಡ್ಕೊಂಡು ಬಿದ್ರೋ, ಅದನ್ನ ಅವರ ಕೈಗೆ ಕೊಟ್ಟವನು ನಾನೇ," ಕಣ್ಣು ತೆರೆಯದೆಯೇ ಅಂದ. "ಆಮೇಲೆ ಆಳೆತ್ತರ ಹತ್ತಿದ್ರೂ ಕಾಲು ಸೋತು ಹೋಗೋದು. ಛಾವಣಿ ಹತ್ತಲಾರದ ಕಲ್ಲುಕೆಲಸದವನು, ನಿನಗೆ ಏನಂತ ಹೇಳ್ಲಿ? ಗಣಿಗೆ ಹೋದೆ. ಅಲ್ಲಿಂದ ಕೆಳಗೆ ಬೀಳೋಕೆ ಜಾಗ ಇರಲ್ಲ."

"ಇವತ್ತು ಹೇಗೆ ಹತ್ತಿದೆ?"

"ಏಣಿ ಇದೆಯಲ್ಲಾ ಅನ್ನೋ ಧೈರ್ಯದ ಮೇಲೆ."

ಅಯ್ಯೋ, ನಾನೇನು ಮಾಡಿಬಿಟ್ಟೆ...

ಏಣಿಯನ್ನು ಗೋಡೆಗೆ ಆನಿಸಿ ತಾನೇ ಹತ್ತಿದಳು. ಪಕ್ಕದಲ್ಲಿ ಕೂತು, ಕಲ್ಲು ಹಿಡಿದಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈಯೊಳಗೆ ತೆಗೆದುಕೊಂಡಳು. ಅಂಗೈಯ ಗೆರೆಗಳಲ್ಲಿ ಕಲ್ಲಿದ್ದಲ ಕಪ್ಪು ಉಳಿದಿತ್ತು.

"ಒಂದು ಕಾಗದ ಬರೀಬಾರ್ದಿತ್ತಾ?"

"ಬರೆದೆ, ಹರಿದೆ. ಹೆದರುಪುಕ್ಕಲ ಅಂತ ನಿನಗೆ ಗೊತ್ತಾಗೋದಕ್ಕಿಂತ, ಮೋಸಗಾರ ಅಂದ್ಕೊಳ್ಳೋದೇ ವಾಸಿ ಅನ್ನಿಸ್ತು."

"ನನಗೇನು ಅನ್ನಿಸುತ್ತೆ ಅಂತ ಯೋಚಿಸಲೇ ಇಲ್ಲವಲ್ಲೋ."

ಅವಳು ಬಹಳ ಹೊತ್ತು ಅತ್ತಳು. ಕೈ ಮಾತ್ರ ಬಿಡಲಿಲ್ಲ.

"ಇನ್ನೆಷ್ಟು ಸುತ್ತು ಬಾಕಿ?" ಕೊನೆಗೆ ಕೇಳಿದಳು.

"ಹದಿನೇಳು."

"ದಿನಕ್ಕೆ ಒಂದೇ ಸುತ್ತು ಸಾಕು. ಕಲ್ಲು ನಾನು ಕೊಡ್ತೀನಿ."

"ಈ ಹೆದರಿಕೆ ಯಾವತ್ತೂ ಹೋಗದೇ ಇದ್ರೆ?"

"ಹೋಗದಿದ್ರೆ ಬೇಡ. ಹೆದರದೇ ಇರೋ ಗಂಡನೇ ಬೇಕು ಅಂತ ನಾನು ಯಾವತ್ತು ಕೇಳಿದ್ದೆ?"

ಅವನು ಮೆಲ್ಲನೆ ಕಣ್ಣು ತೆರೆದ. ಕೆಳಗೆ ನೋಡಲಿಲ್ಲ, ಅವಳ ಮುಖವನ್ನೇ ನೋಡಿದ.

"ಮುಗಿಯೋವರೆಗೆ ಇಲ್ಲೇ ಇರ್ತೀನಿ," ಅಂದ.

"ಮುಗಿದ ಮೇಲೆ?"

"ಮುಗಿದ ಮೇಲೆ ಒಳಗಿರ್ತೀನಿ, ಕೊಮಾ."