ಅವಳು ಅಳಿಸಿದ ಖಾತೆ

ಬಾಗಿಲು ತೆರೆದವಳು ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮೂರು ತಿಂಗಳ ನಂತರ ಬಂದಿದ್ದಾನೆ, ಅಂಗಿಯ ಎರಡನೇ ಗುಂಡಿ ಇನ್ನೂ ಇಲ್ಲ!

‘ಒಂದು ಗುಂಡಿ ಹೊಲಿದುಕೊಳ್ಳಲಾಗದವನು ಮನೆ ಬಿಟ್ಟು ಬದುಕುತ್ತಾನಂತೆ...’

“ಚಪ್ಪಲಿ ಹೊರಗೆ,” ಎಂದಳು.

“ಗೊತ್ತು. ನಾನೂ ಇಲ್ಲೇ ಇದ್ದವನು.”

“ಹೌದಾ? ನೆನಪಿಲ್ಲ.”

ನೆನಪಿಲ್ಲದೆ ಏನು! “ನಾನು ಹೇಳಿದ್ರಲ್ಲಿ ಒಂದು ಮಾತಾದರೂ ನಿಮ್ಮ ಕಿವಿಗೆ ಬಿದ್ದಿದೆಯಾ?” ಎಂದು ಅವತ್ತು ಅವಳು ಕೇಳಿದ್ದಳು. ಅವನು ಚೀಲ ಎತ್ತಿಕೊಂಡು ತನ್ನ ಅಕ್ಕನ ಮನೆಗೆ ಹೊರಟುಹೋಗಿದ್ದ. ಊರವರ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡುವ ಈ ಮಹಾಶಯ ಸ್ವಂತ ಅಡುಗೆಮನೆಯ ಸೋರುವ ನಲ್ಲಿಯನ್ನು ಒಂದು ವರ್ಷ ಮುಟ್ಟಿರಲಿಲ್ಲ.

ಮಾವ ಮಾತ್ರ ಮಗನ ಹಿಂದೆ ಹೋಗದೆ ಸೊಸೆಯ ಜೊತೆಗೇ ಉಳಿದಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ದನಿಯಿಲ್ಲ, ಸ್ಲೇಟಿನಲ್ಲಿ ಬರೆದೇ ಮಾತು. ಆಪರೇಷನ್ನಿಗೆ ಮೊದಲು ಮಗ ರೆಕಾರ್ಡ್ ಮಾಡಿಟ್ಟಿದ್ದ ತಮ್ಮ ಕಥೆಗಳನ್ನು ದಿನಾ ಸಂಜೆ ಕಂಪ್ಯೂಟರಿನಲ್ಲಿ ಕೇಳುವುದೊಂದೇ ಅವರ ಸುಖ.

ನಿನ್ನೆ ಅದೂ ಹೋಯಿತು. ಕಂಪ್ಯೂಟರ್ ಹಾಕಿದಾಗಲೆಲ್ಲ ಗಂಡನ ಹೆಸರು ಕಣ್ಣಿಗೆ ಬೀಳುತ್ತದೆಂದು ಅವಳು ಅವನ ಖಾತೆಯನ್ನೇ ಅಳಿಸಿಹಾಕಿದ್ದಳು. ಫೈಲುಗಳೂ ಹೋಗುತ್ತವೆ ಎಂದು ಅದು ಎಚ್ಚರಿಸಿತ್ತು. ಹೋಗಲಿ, ಪೀಡೆ ತೊಲಗಲಿ ಎಂದು ಒತ್ತಿದ್ದಳು. ಮಾವನ ಕಥೆಗಳೂ ಮಾಯವಾದಾಗ ಬೇರೆ ದಾರಿಯಿಲ್ಲದೆ ಗಂಡನನ್ನೇ ಕರೆಸಿದ್ದಳು.

“ಮಾವನ ಕಥೆ ನನ್ನ ಖಾತೆಯಲ್ಲೂ ಕಾಣ್ತಿತ್ತಲ್ಲ?”

“ಅಲ್ಲಿದ್ದದ್ದು ಬರೀ ಶಾರ್ಟ್‌ಕಟ್. ಒತ್ತಿದ್ರೆ ನನ್ನ ಫೋಲ್ಡರಿಗೆ ಹೋಗ್ತಿತ್ತು. ನಿಂಗೆ ಹೇಳಿದ್ದೆ.”

“ನೀವು ಹೇಳಿದ್ದು? ಮುತ್ತು ಉದುರುತ್ತೆ ಅಂತ ಬಾಯೇ ಬಿಡದವರು!”

ಮಾವ ಸ್ಲೇಟು ಎತ್ತಿ ಹಿಡಿದರು: ‘ಇಬ್ಬರೂ ಕತ್ತೆಗಳು. ನನ್ನ ದನಿ ಎಲ್ಲಿ?’

ಅವಳು ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

“ಅಳಿಸಿದ ಮೇಲೆ ಕಂಪ್ಯೂಟರ್ ಬಳಸಿದ್ಯಾ?” ಗಂಡ ಕೇಳಿದ.

“ಇಲ್ಲ. ಗಾಬರಿಯಾಗಿ ಆಫ್ ಮಾಡಿಟ್ಟೆ.”

“ಬಚಾವ್. ಆ ಜಾಗಕ್ಕೆ ಹೊಸದು ಬಂದು ಕೂತಿಲ್ಲ ಅಂದ್ರೆ ಹಳೇದು ಸಿಗುತ್ತೆ.”

ಡಿಸ್ಕ್ ಬಿಚ್ಚಿ ತಾನು ತಂದಿದ್ದ ಕಂಪ್ಯೂಟರಿಗೆ ಜೋಡಿಸಿದ. ಮಧ್ಯಾಹ್ನದ ಹೊತ್ತಿಗೆ ಫೈಲುಗಳು ಬಂದವು. ಹೆಸರುಗಳು ಮಾತ್ರ ಹೋಗಿದ್ದವು, ಉಳಿದದ್ದು ಬರೀ ಸಂಖ್ಯೆ. ಒಂದೊಂದನ್ನೂ ಕೇಳಿಯೇ ಗುರುತಿಸಬೇಕಿತ್ತು.

ಮೊದಲನೆಯದರಲ್ಲಿ ಮಾವನ ಕೆಮ್ಮು, ಆಮೇಲೆ ನಗು, ಆಮೇಲೆ ಕಥೆ. ಮುದುಕರು ಕಣ್ಣು ಮುಚ್ಚಿ ತಮ್ಮನ್ನು ತಾವೇ ಕೇಳಿದರು. ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡಳು.

ಹದಿನೇಳನೆಯದಕ್ಕೆ ಅವಳು ಕೈ ಹಾಕಿದಾಗ ಗಂಡ, “ಅದು ಬೇಡ,” ಎಂದ. ಆಗಲೇ ಒತ್ತಿಯಾಗಿತ್ತು.

‘ಹಾಲು ಉಕ್ಕಿ ಒಲೆಗೆಲ್ಲ ಸ್ನಾನ ಆಗ್ತಿದೆ, ಸಾಹೇಬರು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದಾರೆ...’

ಅವಳದೇ ದನಿ! ಹಿಂದೆ ನಲ್ಲಿ ತೊಟ್ ತೊಟ್ ಎನ್ನುತ್ತಿತ್ತು.

ಮುಂದಿನದೂ ಅವಳದೇ. ಅದರ ಮುಂದಿನದೂ. ಒದ್ದೆ ಟವೆಲ್, ಮರೆತುಬಂದ ಛತ್ರಿ, ಕಿತ್ತುಹೋದ ಗುಂಡಿ... ನಲವತ್ತೊಂದು ಬೈಗುಳ!

“ಸಾಕ್ಷಿ ಕೂಡಿಡ್ತಿದ್ರಾ? ಅಕ್ಕನಿಗೆ ಕೇಳಿಸೋಕಾ?” ಅವಳ ಮಾತಿನಲ್ಲಿ ವಿಷವಿತ್ತು.

“ಅಪ್ಪನ ದನಿ ಹೋಗುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿದ್ರು, ರೆಕಾರ್ಡ್ ಮಾಡೋಕೆ ಟೈಮ್ ಸಿಕ್ತು. ನಿನ್ನ ದನಿ ಹೇಳದೆ ಕೇಳದೆ ಹೋದ್ರೆ ಅಂತ ಭಯ ಆಯ್ತು...” ಅವನು ತಲೆ ತಗ್ಗಿಸಿದ. “ನೀನು ನನ್ನ ಹತ್ರ ಮಾತಾಡ್ತಿದ್ದದ್ದೇ ಬೈಯೋವಾಗ. ಅದೇ ಸಿಕ್ತು. ನೀನು ಕೆಲಸಕ್ಕೆ ಹೋದ ಮೇಲೆ ಹಾಕ್ಕೊಂಡು ಕೇಳ್ತಿದ್ದೆ.”

“ಅವತ್ತೇ ಹೇಳೋಕೆ ಏನಾಗಿತ್ತು?”

“ಹೇಳಿದ್ರೆ ನೀನು ನಗ್ತಿದ್ದೆ.”

ನಗುತ್ತಿದ್ದಳು, ನಿಜ. ಮೂರು ತಿಂಗಳು ಅವನ ಮೇಲಿದ್ದ ತಾತ್ಸಾರವೆಲ್ಲ ಈಗ ತನ್ನ ಮೇಲೆಯೇ ತಿರುಗಿತು. ತನ್ನ ಕೊಂಕು ಮಾತನ್ನೂ ಜೋಪಾನ ಮಾಡಿದವನನ್ನು ಒಂದೇ ಒತ್ತಿಗೆ ಅಳಿಸಿದ್ದಳಲ್ಲ...

ಮಾವ ಸ್ಲೇಟು ತೋರಿಸಿದರು: ‘ಅಳು ಆಮೇಲೆ. ಮೊದಲು ನಲ್ಲಿ.’

“ನಿಮ್ಮ ಖಾತೆ ಮತ್ತೆ ತೆರೀರಿ,” ಎಂದಳು ಅವಳು, ಮೂಗೊರೆಸಿಕೊಳ್ಳುತ್ತ.

“ಯಾತಕ್ಕೆ?”

“ಇನ್ಮೇಲೆ ಬೈಯೋದನ್ನೆಲ್ಲ ಎಲ್ಲಿಡ್ತೀರಿ? ಅಂಗಿ ಕೊಡಿ ಇಲ್ಲಿ. ಮೂರು ತಿಂಗಳಲ್ಲಿ ಅಕ್ಕನ ಮನೇಲಿ ಒಂದು ಸೂಜಿ ಸಿಗಲಿಲ್ವಾ ನಿಮಗೆ?”

“ಸಿಕ್ಕಿತ್ತು,” ಎಂದ ಅವನು. “ನೀನು ಬೈಲಿ ಅಂತಲೇ ಹಾಗೇ ಬಿಟ್ಟಿದ್ದೆ.”