ಏಳನೆಯ ಬೊಡ್ಡೆ

ಕಡಿದ ಮರದ ಬೊಡ್ಡೆಗಳನ್ನು ಯಂತ್ರದಿಂದ ಪುಡಿ ಮಾಡುವುದು ನನ್ನ ಕೆಲಸ. ಮೊದಲು ಅಗಲ ಅಳೆಯುತ್ತೇನೆ, ಇಂಚಿನ ಮೇಲೆ ದರ ಹೇಳುತ್ತೇನೆ. ಹೋದ ಮಾರ್ಚ್‌ನಲ್ಲಿ ಹುನ್ನೂರಿನ ಮುರಗೆಪ್ಪನವರ ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ಏಳು ಬೇವಿನ ಬೊಡ್ಡೆಗಳಿದ್ದವು. ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣದ ಟೇಪು ಕೈ ಸುಡುತ್ತಿತ್ತು.

ಏಳನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಬೆನ್ನಿಗೆ ಬಿಸಿಲು ತಾಕಲಿಲ್ಲ. ಟೇಪು ತಣ್ಣಗಾಯಿತು. ಅದರ ಮೇಲೆ ಎರಡು ಬೇವಿನ ಹೂ ಉದುರಿದವು. ತಲೆಯೆತ್ತಿದರೆ ಬರೀ ಆಕಾಶ.

“ಈ ಗಿಡ ಕಡದು ಎಷ್ಟ ದಿನಾತ್ರಿ?” ಎಂದೆ.

“ಹತ್ತ ವರ್ಷಾತರಿ,” ಎಂದರು ಮುರಗೆಪ್ಪ, ದೂರದಲ್ಲೇ ನಿಂತು.

ನಾನು ಟೇಪು ಸುತ್ತಿಕೊಂಡು ಎದ್ದೆ. ಅವರು ಅಲ್ಲಿಂದಲೇ ಹೇಳಿದರು:

“ಆರಕ್ಕಷ್ಟ ರೇಟ್ ಹೇಳ್ರಿ. ಇದು ಇರ್ಲಿ. ಕಬ್ಬ ಕಡಿಯಾವ್ರು ಇದರ ನೆಳ್ಳಾಗ ಉಣ್ತಾರ.”